ಸಣ್ಣ ಬಾಗಿಲಿನ ಪಾಸು

ನನ್ನ ಸೊಸೆ ಚಂದ್ರಕಲಾಳಷ್ಟು ಬುದ್ಧಿವಂತೆ ನಮ್ಮೂರಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ. ಇದನ್ನು ನಾನು ಅವಳ ಮುಂದೆ ಹೇಳುವುದಿಲ್ಲ. ಹೇಳಿದರೆ ಸಾರಿಗೆ ಉಪ್ಪು ಹಾಕುವ ಮುಂಚೆ ನನ್ನನ್ನೊಂದು ಮಾತು ಕೇಳುತ್ತಾಳಲ್ಲ, ಅದನ್ನೂ ಬಿಟ್ಟುಬಿಡುತ್ತಾಳೆ. ಮದುವೆಯಾಗಿ ಬಂದ ವಾರದಲ್ಲೇ ನನ್ನ ಅಡುಗೆಮನೆಯ ಡಬ್ಬಗಳ ಜಾಗವನ್ನೆಲ್ಲ ಅದಲುಬದಲು ಮಾಡಿದವಳು ಅವಳು. ಮೆಂತ್ಯದ ಡಬ್ಬ ಹುಡುಕುವುದರಲ್ಲೇ ನನ್ನದೊಂದು ಮಳೆಗಾಲ ಕಳೆದುಹೋಯಿತು. ಅದನ್ನು ನಾನು ಇನ್ನೂ ಮರೆತಿಲ್ಲ, ಮರೆಯಲು ಅವಳನ್ನೂ ಬಿಟ್ಟಿಲ್ಲ. ಆದರೆ ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು, ಪಾಸು ಮಾಡಿಸಿ, ತಿರುಗುತೋಟಕ್ಕೆ ಅವಳು ಹೋದಳಲ್ಲ, ಆ ದಿನದ ಮಾತು ಬಂದರೆ ಮಾತ್ರ ನಾನು ಮಲಗಿದ್ದವಳೂ ಎದ್ದು ಕೂರುತ್ತೇನೆ.

ತಿರುಗುತೋಟ ಅಂದರೆ ನಮ್ಮೂರ ನಡುವೆ ಇರುವ ಆಟದ ತೋಟ. ಸುತ್ತುವ ಕುದುರೆ, ನೀರಿನ ದೋಣಿ, ಪುಟ್ಟ ರೈಲು, ಎಲ್ಲದಕ್ಕಿಂತ ಮೇಲೆ ದೊಡ್ಡ ಚಕ್ರ. ಆ ಚಕ್ರದ ತುದಿಗೆ ಹೋದವರ ತಲೆಗೆ ಮೋಡ ತಾಕಿ ನೆಗಡಿಯಾಗುತ್ತದೆ, ಅಷ್ಟೆತ್ತರ. ಪ್ರತಿ ಆಟಕ್ಕೂ ಎರಡು ಬಾಗಿಲು. ದೊಡ್ಡ ಬಾಗಿಲಿಗೆ ಸಾಲು ನಿಲ್ಲಬೇಕು. ದೊಡ್ಡ ಚಕ್ರದ ಸಾಲಂತೂ ಕೆರೆ ಏರಿ ದಾಟಿ ಸಂತೆಮಾಳದವರೆಗೆ ಇರುತ್ತದೆ. ಆ ಸಾಲಿನಲ್ಲಿ ಪರಿಚಯವಾಗಿ, ಮದುವೆಯಾಗಿ, ಬಸುರಿಯಾಗಿ ಚಕ್ರ ಹತ್ತಿದವರಿದ್ದಾರೆ. ಸಣ್ಣ ಬಾಗಿಲು ಪಾಸು ಇದ್ದವರಿಗೆ. ಅವರು ಸೀದಾ ಹೋಗಿ ಕೂರಬಹುದು. ಆದರೆ ನಿಲ್ಲದೆ ಉಳಿಸಿದ ಹೊತ್ತು ಎಲ್ಲಿಗೂ ಹೋಗುವುದಿಲ್ಲ, ಆಟದಿಂದ ಇಳಿಯುವಾಗ ಅದು ಕೈಗೆ ಅಂಟಿಕೊಂಡು ಬರುತ್ತದೆ. ಇಳಿದ ಮೇಲೆ ಕೈ ಮೊದಲು ಯಾವುದನ್ನು ಮುಟ್ಟುತ್ತದೋ ಅದು ನಮ್ಮ ಬದಲು ಕಾಯಬೇಕು, ನಾವು ಸಾಲಿನಲ್ಲಿ ನಿಲ್ಲಬೇಕಿದ್ದಷ್ಟು ಹೊತ್ತು, ತಾನಾಗಿ ಅಲುಗದೆ, ಇದ್ದ ಹಾಗೆಯೇ.

ಕಲ್ಲಿಗೆ, ಕಂಬಕ್ಕೆ, ನೆಲಕ್ಕೆ, ಉಟ್ಟ ಬಟ್ಟೆಗೆ ಅದು ಅಂಟುವುದಿಲ್ಲ. ಇನ್ನೂ ಏನೋ ಆಗಬೇಕಾದದ್ದು, ಎಲ್ಲಿಗೋ ಹೋಗಬೇಕಾದದ್ದು ಇದ್ದರೆ ಅದಕ್ಕೆ ಮಾತ್ರ. ಒಲೆಯ ಮೇಲಿನ ಹಾಲಿಗೆ ಅಂಟಿದರೆ ಹಾಲು ಉಕ್ಕುವುದಿಲ್ಲ. ಎತ್ತಿಗೆ ಅಂಟಿದರೆ ಎತ್ತು ಎತ್ತಿದ ಕಾಲನ್ನು ಇಳಿಸುವುದಿಲ್ಲ. ಅದಕ್ಕೇ ಹಿಂದಿನಿಂದ ನಮ್ಮೂರಲ್ಲಿ ಪಾಸು ಮಾಡಿಸಿದವರು ಮನೆಯ ಮುದುಕಿಯನ್ನು ಕರೆದುಕೊಂಡು ಹೋಗುವುದು ವಾಡಿಕೆ. ಆಟಗಳ ಎದುರಿಗೊಂದು ಉದ್ದನೆಯ ಬೆಂಚಿದೆ. ಮುದುಕಿಯರು ಸಾಲಾಗಿ ಅದರ ಮೇಲೆ ಕೂರುತ್ತಾರೆ, ಇಳಿದು ಬಂದವರು ಅವರವರ ಮನೆಯ ಮುದುಕಿಯ ಭುಜ ಮುಟ್ಟಿ ಮುಂದಿನ ಆಟಕ್ಕೆ ಓಡುತ್ತಾರೆ. ಯಜಮಾನರು ತೀರಿಕೊಂಡ ಮೇಲೆ ನಾನೂ ಆ ಬೆಂಚಿನ ಮೇಲೆ ಎಷ್ಟು ಕೂತಿದ್ದೇನೆ ಅಂದರೆ ಅಲ್ಲೊಂದು ಕಡೆ ಹಲಗೆ ನನ್ನ ಆಕಾರಕ್ಕೆ ತಗ್ಗಿದೆ. ಒಂದು ಸಲ ನಾದಿನಿಯ ಬೀಗರ ದಂಡು ಬಂದು ಒಬ್ಬೊಬ್ಬರಾಗಿ ಭುಜ ಮುಟ್ಟಿದರು. ನಾನು ಅಲುಗದೆ ಕೂತದ್ದನ್ನು ನೋಡಿ ಕಾಗೆಯೊಂದು ನನ್ನ ತುರುಬಿನಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ, ಮರಿಗಳಿಗೆ ಹಾರುವುದನ್ನು ಕಲಿಸಿಕೊಂಡು ಹೋಯಿತು. ನನಗೆ ಬೇಸರವೇನೂ ಆಗುತ್ತಿರಲಿಲ್ಲ. ಮುದುಕಿಗೂ ಅಂಟುತ್ತದಲ್ಲ, ಅಂದರೆ ಮುದುಕಿಗೂ ಇನ್ನೂ ಏನೋ ಆಗುವುದು ಬಾಕಿ ಇದೆ ಎಂದು ಅದಕ್ಕಾದರೂ ಗೊತ್ತಿದೆ ಅಂದುಕೊಳ್ಳುತ್ತಿದ್ದೆ.

ಇಷ್ಟೆಲ್ಲ ಅನುಕೂಲವಿದ್ದರೂ ಚಿಕ್ಕ ಮಕ್ಕಳಿರುವವರು ಮಾತ್ರ ಪಾಸಿನ ತಂಟೆಗೆ ಹೋಗುತ್ತಿರಲಿಲ್ಲ. ಮಕ್ಕಳ ಕೈ ಯಾರ ಮಾತು ಕೇಳುತ್ತದೆ? ಹೂವಿನಂಗಡಿ ಗಿರಿಜಕ್ಕನ ಮೊಮ್ಮಗ ದೋಣಿಯಿಂದ ಇಳಿದವನೇ ಅಪ್ಪನ ಮೂಗು ಹಿಡಿದ. ಅಪ್ಪ ಆಗತಾನೇ ಸೀನಲು ಬಾಯಿ ತೆರೆದಿದ್ದ. ಆ ಸೀನು ಹೊರಗೆ ಬಂದದ್ದು ಸಂಜೆಗೆ. ಅಷ್ಟು ಹೊತ್ತು ಕೂಡಿಟ್ಟ ಸೀನು ನೋಡಿ, ಬೀದಿಯ ದೀಪಗಳೆಲ್ಲ ಆರಿಹೋದವು. ಅದನ್ನು ಹೇಳಿಕೊಂಡು ನಗುತ್ತೇವೆ. ಆದರೆ ಇನ್ನೊಂದು ಕೂಸು ತನ್ನ ತಂಗಿಯನ್ನೇ ಮುಟ್ಟಿತ್ತು. ತೊಟ್ಟಿಲ ಕೂಸು, ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಹೋಯಿತು. ಏನೂ ಆಗಲಿಲ್ಲ, ಹೊತ್ತು ಮುಗಿದ ಮೇಲೆ ಎಂದಿನಂತೆ ಅತ್ತು ಹಾಲು ಕುಡಿಯಿತು. ಆದರೆ ಅಷ್ಟು ಹೊತ್ತು ಆ ತಾಯಿ ಕೂಸಿನ ಮುಂದೆ ಮಂಡಿಯೂರಿ ಕೂತಿದ್ದಳಲ್ಲ, ಅದನ್ನು ನೋಡಿದವರು ಯಾರೂ ನಗುವುದಿಲ್ಲ. ಅಂದಿನಿಂದ ಕೆಲವರು ಮಕ್ಕಳ ಕೈಗೆ ಬಟ್ಟೆಯ ಚೀಲ ಕಟ್ಟಿ ಕರೆದೊಯ್ಯುತ್ತಿದ್ದರು. ಚೀಲ ಕಟ್ಟಿಸಿಕೊಂಡ ಮಕ್ಕಳು ಮನೆಯಿಂದ ಹಿಡಿದು ಮನೆಯವರೆಗೆ ಅತ್ತು, ಏನು ಆಟ ಆಡಿದೆವೆಂಬುದೇ ಅವಕ್ಕೆ ಗೊತ್ತಿರುತ್ತಿರಲಿಲ್ಲ.

ಹೀಗಿರುವಾಗ ಚಂದ್ರಕಲಾಳಿಗೆ ನರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ದೂರದ ಊರು, ಒಂದು ವರ್ಷ, ಹಾಸ್ಟೆಲಿನಲ್ಲಿ ಇರಬೇಕು, ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಬಿಂದುವಿಗೆ ಆರು ವರ್ಷ, ತೇಜುವಿಗೆ ಮೂರು. ಹೋಗು ಎಂದು ಮೊದಲು ಹೇಳಿದವಳು ನಾನೇ. ಆದರೆ ಅವಳು ಮಕ್ಕಳಿಗೆ ತಿರುಗುತೋಟದ ಆಸೆ ಹುಟ್ಟಿಸಿ ಎರಡು ಹಬ್ಬಗಳು ಕಳೆದಿದ್ದವು. ಉಳಿದದ್ದು ಒಂದೇ ದಿನ, ಹೊರಡುವ ದಿನ. ಬಸ್ಸು ಸಂಜೆಗೆ.

"ಪಾಸು ಮಾಡಿಸ್ತೀನಿ ಅತ್ತೆ," ಅಂದಳು.

"ತಲೆ ಕೆಟ್ಟಿದೆಯೇನೆ ನಿಂಗೆ? ತೇಜು ಕೈ ಸುಮ್ನಿರ್ತದಾ? ಅದು ನಿದ್ದೇಲೂ ಗೋಡೆ ಕೆರೀತದೆ."

"ಅದಕ್ಕೊಂದು ಉಪಾಯ ಮಾಡಿದೀನಿ."

"ಸಾಲಲ್ಲಿ ನಿಂತ್ರೆ ನಿನ್ ಗಂಟೇನು ಹೋಗ್ತದೆ? ಎಲ್ಲರ ಮಕ್ಳೂ ನಿಲ್ಲಲ್ವಾ?"

ಅವಳು ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಿದಳು. "ಸಾಲಲ್ಲಿ ನಿಂತ್ರೆ ಎರಡು ಆಟಕ್ಕೇ ದಿನ ಮುಗೀತದೆ ಅತ್ತೆ. ಕೊನೇ ದಿನ ಮಕ್ಳು ನನ್ ಮುಖ ನೋಡ್ಲಿ. ಮುಂದೆ ನಿಂತೋರ ಬೆನ್ನು ನೋಡೋದು ಬ್ಯಾಡ."

 ನನ್ನ ಹತ್ತಿರ ಉತ್ತರವಿಲ್ಲದಿದ್ದ ದಿನವನ್ನು ನಮ್ಮ ಬೀದಿಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. "ಆಯ್ತು, ನಾನ್ ಬೆಂಚಿನ ಮೇಲೆ ಕೂರ್ತೀನಿ, ನನ್ ಮುಟ್ಟಿ ಹೋಗ್ರಿ," ಅಂದೆ.

"ನೀವು ಬೆಂಚಿಗೆ ಬರ್ತಿಲ್ಲ ಅತ್ತೆ. ಆಟಕ್ಕೆ ಬರ್ತಿದೀರ."

ಕೇಳಿಸದವಳ ಹಾಗೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೆ.

ಬೆಳಿಗ್ಗೆ ನೋಡಿದರೆ ನನ್ನ ಮಗ ಲೋಕೇಶ ಉಪ್ಪಿನಕಾಯಿ ಭರಣಿಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಹಿಂದಿನ ದಿನ ಹಾಕಿದ ಮಾವಿನಕಾಯಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ. ಲೋಕೇಶ ಸೈಕಲ್ ಅಂಗಡಿ ಇಟ್ಟಿದ್ದಾನೆ, ಚಕ್ರ ತಿರುಗಿಸುವುದೇ ಅವನ ಕಸುಬು, ಆದರೆ ತಾನು ತಿರುಗಲಾರ. ಉಯ್ಯಾಲೆ ನೋಡಿದರೆ ತಲೆ ಸುತ್ತುತ್ತದೆ. ಮದುವೆಯಲ್ಲಿ ಹೋಮದ ಸುತ್ತ ಬರುವಾಗ ಇವಳೇ ಅವನ ಕೈ ಹಿಡಿದು ನಡೆಸಿದ್ದು.

"ಇದ್ಯಾಕೋ ಭರಣಿ?" ಅಂದೆ.

"ಕಾಯಕ್ಕೆ," ಅಂದ.

ಆಮೇಲೆ ನನಗೆ ಹೊಳೆಯಿತು. ಉಪ್ಪಿನಕಾಯಿಗೆ ಹೇಗಿದ್ದರೂ ಕಾಯುವುದೇ ಕೆಲಸ. ದಿನಗಟ್ಟಲೆ ಕತ್ತಲಲ್ಲಿ ಸುಮ್ಮನೆ ಕೂರುವ ಜಾತಿ. ಅದರ ಮೇಲೆ ನಾಲ್ಕು ಸಾಲಿನ ಹೊತ್ತು ಹೇರಿದರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ನಮ್ಮೂರಲ್ಲಿ ತಲೆತಲಾಂತರದಿಂದ ಮುದುಕಿಯರನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದಾರೆ, ಒಬ್ಬರ ತಲೆಗೂ ಇದು ಹೋಗಿರಲಿಲ್ಲ. ನನ್ನ ತಲೆಗೂ ಹೋಗಿರಲಿಲ್ಲ, ನಾನು ಅಷ್ಟು ವರ್ಷ ಕೂತಿದ್ದೂ.

ತೋಟದಲ್ಲಿ ಬೆಂಚಿನ ಮುಂದೆ ಹಾದು ಹೋಗುವಾಗ ಕಾಳಮ್ಮ ಕೂಗಿದಳು. ಅವಳು ನನ್ನ ಪಕ್ಕದ ಜಾಗದವಳು, ಯಾರೂ ಮುಟ್ಟದ ಬಿಡುವಿನಲ್ಲಿ ನಾವಿಬ್ಬರೂ ಸೇರಿ ಆ ಬೆಂಚಿನ ಮೇಲೆ ಊರಿನ ಅರ್ಧ ಸಂಸಾರಗಳನ್ನು ಮಾತಲ್ಲೇ ಮುರಿದಿದ್ದೇವೆ.

"ಏನ್ ತಾಯಕ್ಕ, ಬೆಂಚು ಬುಟ್ಟು ಎಲ್ಗೆ ಮೆರವಣ್ಗೆ?"

"ನನ್ ಕೆಲ್ಸ ಹೋಯ್ತು ಕಣೆ. ಉಪ್ಪಿನಕಾಯಿ ಕಿತ್ಕಂಡದೆ."

"ಅದು ಕೊಳೆಯಕಿಲ್ಲ, ನೀನು ಕೊಳೀತಿದ್ದೆ. ಒಳ್ಳೇದೇ ಆಯ್ತು ಬುಡು."

ಮೊದಲು ಕುದುರೆ. ಅಲ್ಲಿ ನಮ್ಮ ಸೊಸೆ ಪಾಸು ಹೊರಗೇ ತೆಗೆಯಲಿಲ್ಲ. ಸಾಲು ಚಿಕ್ಕದು, ಪಕ್ಕದಲ್ಲೇ ಬಾತುಕೋಳಿಯ ಕೊಳ. ಬಾತುಕೋಳಿ ನೋಡುತ್ತ ತೇಜು ಸಾಲು ಮುಗಿದದ್ದಕ್ಕೇ ಅತ್ತ. "ಎಲ್ಲದಕ್ಕೂ ಪಾಸು ಹಾಕ್ಬಾರ್ದು ಅತ್ತೆ. ಮಕ್ಳಿಗೆ ಸಾಲೇ ಆಟ ಆಗೋ ಕಡೆ ಸುಮ್ನೆ ನಿಂತ್ಬುಡ್ಬೇಕು," ಅಂದಳು. ಹಾಗೆ ಎಲ್ಲಿ ನಿಲ್ಲಬೇಕು, ಎಲ್ಲಿ ನುಗ್ಗಬೇಕು, ಎಲ್ಲಿ ನೆರಳಿದೆ, ಯಾವ ಆಟ ಮುಗಿಸಿದರೆ ತೇಜುವಿಗೆ ನಿದ್ದೆ ಬರುತ್ತದೆ, ಎಲ್ಲವನ್ನೂ ಮನಸ್ಸಿನಲ್ಲೇ ಹೆಣೆದುಕೊಂಡು ಬಂದಿದ್ದಳು. ದಂಡು ನಡೆಸುವವರೂ ಅಷ್ಟು ಯೋಚನೆ ಮಾಡಿರಲಾರರು.

ನೀರಿನ ದೋಣಿಗೆ ಸಾಲು ಉದ್ದವಿತ್ತು, ಅಲ್ಲಿ ಪಾಸು ತೆಗೆದಳು. ನಾನು ತೇಜುವಿನ ಕೈಯನ್ನೇ ನೋಡುತ್ತ ನಿಂತೆ. ಅವಳು ಮಾತ್ರ ಮಡಿಲಿನಿಂದ ಎರಡು ದುಂಡನೆಯ ಹೊಳೆಗಲ್ಲು ತೆಗೆದಳು. ಎರಡಕ್ಕೂ ಕಾಡಿಗೆಯಲ್ಲಿ ಕಣ್ಣು ಬರೆದಿದ್ದಳು, ಒಂದಕ್ಕೆ ಅರಿಸಿನದ ಕೊಕ್ಕು, ಒಂದಕ್ಕೆ ಕುಂಕುಮದ ಕೊಕ್ಕು.

"ತೇಜು, ಇವು ಮರಿ. ಕೈ ಬಿಚ್ಚಿದ್ರೆ ಹಾರೋಗ್ತವೆ. ದೋಣಿ ಇಳಿದ್ಮೇಲೆ ಗೂಡಲ್ಲಿ ಬಿಡಾಣ. ಗೂಡು ಎಲ್ಲದೆ?"

ತೇಜು ಭರಣಿಯ ಕಡೆ ಕಣ್ಣು ಹೊರಳಿಸಿದ.

ಕಲ್ಲು ಏನಾಗಬೇಕು, ಎಲ್ಲಿಗೆ ಹೋಗಬೇಕು? ಅದಕ್ಕೆ ಅಂಟುವುದಿಲ್ಲ. ಇಳಿದು ಬಂದ ಮಗು ಎರಡು ಮುಷ್ಟಿಯನ್ನೂ ಎದೆಗೊತ್ತಿಕೊಂಡು, ನಾಯಿಮರಿ ಪಕ್ಕದಲ್ಲೇ ಓಡಿದರೂ ತಿರುಗದೆ, ಬಲೂನಿನವನು ಕರೆದರೂ ನೋಡದೆ, ತುಂಬಿದ ಕೊಡ ಹೊತ್ತವರ ಹಾಗೆ ನಡೆದು ಬಂತು. ಲೋಕೇಶ ಭರಣಿ ಹಿಡಿದು ಕುಕ್ಕರಗಾಲಲ್ಲಿ ಕೂತ. ತೇಜು ಮರಿಗಳನ್ನು ಬಟ್ಟೆಯ ಮೇಲೆ ಇಳಿಸಿ, ಪುಟ್ಟ ಅಂಗೈಯಿಂದ ಗೂಡು ತಟ್ಟಿ, "ಮಲ್ಕೋ," ಅಂದ. ಮುಗಿಯಿತು. ಸಾಲು ಪೂರ್ತಿ ಉಪ್ಪಿನಕಾಯಿಗೆ ಹೋಯಿತು.

ದೊಡ್ಡ ಬಾಗಿಲ ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ಸಣ್ಣ ಬಾಗಿಲಲ್ಲಿ ಮಕ್ಕಳ ಕೈಗೆ ಚೀಲ ಕಟ್ಟಿದ್ದ ಒಬ್ಬ ತಾಯಿ ಅಲ್ಲೇ ಚೀಲ ಬಿಚ್ಚಿ ಹಾಕಿ ಕಲ್ಲು ಹುಡುಕಲು ಹೊರಟಳು. ಮುಂದಿನ ವಾರದ ಹೊತ್ತಿಗೆ ನಮ್ಮೂರ ಹೊಳೆಯಲ್ಲಿ ದುಂಡು ಕಲ್ಲೇ ಉಳಿಯದೆ ಮೀನುಗಳು ಎಲ್ಲಿ ಅಡಗಬೇಕೆಂದು ತಿಳಿಯದೆ ದಡಕ್ಕೆ ಬಂದು ಕೂತವು.

ರೈಲು ಆಯಿತು, ಜಾರುಬಂಡೆ ಆಯಿತು. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಚಿತ್ರಾನ್ನ ತಿಂದೆವು. ಅವಳು ಹೇಳಿದ ಹೊತ್ತಿಗೆ ಸರಿಯಾಗಿ ತೇಜುವಿಗೆ ನಿದ್ದೆ ಬಂದು ಅಪ್ಪನ ಹೆಗಲಿಗೆ ಒರಗಿದ. ಬಿಂದು ಮಾತ್ರ ಬೆಳಗಿನಿಂದ ಸರಿಯಾಗಿ ನಕ್ಕಿರಲಿಲ್ಲ. ಎಲ್ಲ ಆಟವನ್ನೂ ಆಡಿದಳು, ಎಲ್ಲ ಸಲವೂ ಭರಣಿ ಮುಟ್ಟಿದಳು, ನಡುನಡುವೆ ತೋಟದ ಗೋಪುರದ ಗಡಿಯಾರ ನೋಡಿದಳು. ಅವಳಿಗೆ ಗಡಿಯಾರ ನೋಡಲು ಯಾಕಾದರೂ ಕಲಿಸಿದರೋ.

"ಅಜ್ಜಿ, ಅದು ಹಸೂಗೆ ಅಂಟ್ತದಾ?" ಅಂದಳು ನನ್ನ ಹತ್ತಿರ ಸರಿದು.

"ಹೂಂ, ಹಾಲು ಕೊಡ್ಬೇಕಲ್ಲ ಅದು."

"ಮೋಡಕ್ಕೆ?"

"ಕೈ ಎಟುಕಿದ್ರೆ ಅಂಟ್ತದೆ. ಎಟುಕಲ್ಲವಲ್ಲ."

"ಗಾಡಿಗೆ?"

"ಹೋಗೋದಕ್ಕೆಲ್ಲ ಅಂಟ್ತದೆ ಮಗ. ಯಾಕೆ?"

"ಸುಮ್ನೆ ಕೇಳ್ದೆ," ಅಂದು ಚಿತ್ರಾನ್ನದ ಕಡಲೆಬೀಜ ಆರಿಸಿ ತಿನ್ನತೊಡಗಿದಳು.

ಕೊನೆಗೆ ಉಳಿದದ್ದು ದೊಡ್ಡ ಚಕ್ರ. ಲೋಕೇಶ ಮಗನನ್ನು ಹೆಗಲಿಗೆ ಹಾಕಿಕೊಂಡು, ಭರಣಿಯನ್ನು ಕಾಲ ಬಳಿ ಇಟ್ಟುಕೊಂಡು ಕೆಳಗೆ ನಿಂತ. ಚಂದ್ರಕಲಾ ನನ್ನ ರಟ್ಟೆ ಹಿಡಿದಳು.

"ನನಗ್ಯಾಕೆ ಕಣೆ," ಅಂದೆ. "ಮೇಲಿಂದ ಬಿದ್ರೆ ಮೂಳೆ ಆರಿಸಕ್ಕೆ ಒಂದು ಜಾತ್ರೆ ಜನ ಬೇಕು."

"ಇಷ್ಟು ವರ್ಷ ಅದರ ಎದುರಿಗೇ ಕೂತಿದ್ರಿ. ಒಂದ್ಸಲ ಹತ್ತಿ ನೋಡಿ ಅತ್ತೆ."

ಹತ್ತಿದೆ. ಸಣ್ಣ ಬಾಗಿಲಿನಿಂದ, ರಾಣಿಯ ಹಾಗೆ. ಚಕ್ರ ಮೇಲೇರಿದಾಗ ಊರೆಂಬ ಊರು ನನ್ನ ಎಲೆ ಅಡಿಕೆ ತಟ್ಟೆಯಷ್ಟಾಯಿತು. ಬೆಂಚು ಕಡ್ಡಿಯ ಹಾಗೆ ಕಂಡಿತು, ಅದರ ಮೇಲೆ ಕಾಳಮ್ಮ ಇರುವೆಯ ಹಾಗೆ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ವರ್ಷ ಹೇಗೆ ಹಿಡಿಸಿದೆನೋ ನಾನು. ತುದಿಯಲ್ಲಿ ಚಕ್ರ ಒಂದು ಗಳಿಗೆ ನಿಂತಿತು. ಅಲ್ಲಿಂದ ಬಸ್ ನಿಲ್ದಾಣ ಕಾಣುತ್ತಿತ್ತು. ನೀಲಿ ಬಸ್ಸು ಆಗಲೇ ಬಂದು ನಿಂತಿತ್ತು.

"ಅದೇನಾ ನಿನ್ ಬಸ್ಸು?" ಬಿಂದು ಕೇಳಿದಳು.

"ಹೂಂ ಮಗ."

"ಇಷ್ಟು ಚಿಕ್ಕದಾ?"

"ಹತ್ರ ಹೋದ್ರೆ ದೊಡ್ಡದೇ." ಚಂದ್ರಕಲಾ ಮಗಳ ತಲೆ ಸವರಿದಳು. "ಅಜ್ಜಿನ ಗೋಳು ಹುಯ್ಕೋಬ್ಯಾಡ. ತಮ್ಮನ್ನ ನೋಡ್ಕೋ. ಅಪ್ಪನ್ನ ಬೆಳಿಗ್ಗೆ ಎಬ್ಬಿಸೋದು ನಿನ್ ಕೆಲ್ಸ."

ಬಿಂದು ಆ ಬಸ್ಸನ್ನೇ ನೋಡುತ್ತಿದ್ದಳು.

ಇಳಿದ ಕೂಡಲೇ ಚಂದ್ರಕಲಾ ಭರಣಿ ಮುಟ್ಟಿದಳು. ಬಿಂದು ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಭರಣಿಯ ಆಚೆಯಿಂದ ಹಾದುಹೋದಳು. ಸಮಯವಾಗಿತ್ತು, ಲೋಕೇಶ ಚೀಲ ಎತ್ತಿಕೊಳ್ಳುವ ಗಡಿಬಿಡಿಯಲ್ಲಿದ್ದ, ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಮೇಲಿನ ಗಾಳಿಗೆ ಕೈ ಮರಗಟ್ಟಿದೆ ಎಂದು ಹೇಳಿ ನನ್ನ ಕೈಗಳನ್ನೂ ಸೆರಗಿನೊಳಗೆ ಹುದುಗಿಸಿಕೊಂಡು ಅವರ ಹಿಂದೆ ನಡೆದೆ.

ನಿಲ್ದಾಣದ ದಾರಿಯಲ್ಲಿ ಚಂದ್ರಕಲಾ ಮಗಳ ಕೈ ಹಿಡಿಯಲು ಹೋದಳು. ಬಿಂದು ಥಟ್ಟನೆ ಪಕ್ಕಕ್ಕೆ ಸರಿದಳು. ಮತ್ತೊಮ್ಮೆ ಹಿಡಿಯಲು ಹೋದಳು. ಬಿಂದು ಓಡಿ ಮುಂದೆ ಹೋದಳು.

"ನನ್ ಮೇಲೆ ಮುನಿಸ್ಕೊಂಡಿದಾಳೆ ಅತ್ತೆ," ಅಂದಳು ಚಂದ್ರಕಲಾ. ಬೆಳಗಿನಿಂದ ಅಷ್ಟೆಲ್ಲ ಹಂಚಿಕೆ ಹಾಕಿ ಊರನ್ನೇ ಬೆರಗು ಮಾಡಿದವಳ ದನಿ ಆಗ ನಾರಿನ ಹಾಗೆ ತೆಳ್ಳಗಾಗಿತ್ತು. "ಹೋಗೋ ಹೊತ್ನಲ್ಲಿ ಕೈಯಾದ್ರೂ ಹಿಡ್ಕೋಬೋದಿತ್ತು."

"ಮಕ್ಳು ಕಣೆ. ಬುಡು," ಅಂದೆ.

ನಿಲ್ದಾಣದಲ್ಲಿ ಬಸ್ಸು ಗುರ್ ಅನ್ನುತ್ತಿತ್ತು. ಕಂಡಕ್ಟರ್ ಮರಿಸ್ವಾಮಿ ಎಲ್ಲರನ್ನೂ ಹತ್ತಿಸುತ್ತಿದ್ದ. ಚಂದ್ರಕಲಾ ಮಲಗಿದ್ದ ತೇಜುವಿಗೆ ಮುತ್ತಿಟ್ಟಳು. ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಬಾಯಲ್ಲೇ ಹರಸಿದೆ, ತಲೆಯ ಮೇಲೆ ಕೈ ಇಡಲಿಲ್ಲ. ಅವಳು ಬಗ್ಗಿದ್ದವಳು ಒಂದು ಗಳಿಗೆ ಹೆಚ್ಚೇ ಬಗ್ಗಿದ್ದು, ಕೈ ಬರಲಿಲ್ಲವೆಂದು ತಿಳಿದು ಎದ್ದಳು. ಮುಖ ಚಿಕ್ಕದು ಮಾಡಿಕೊಂಡು ಚೀಲ ಎತ್ತಿ ಬಸ್ಸಿನ ಕಡೆ ತಿರುಗಿದಳು.

ಆಗ ಬಿಂದು ಎಲ್ಲರ ಕಾಲ ನಡುವೆ ನುಗ್ಗಿ ಹೋಗಿ, ಕಂಕುಳಿಂದ ಕೈ ತೆಗೆದು, ಎರಡು ಅಂಗೈಯನ್ನೂ ಬಸ್ಸಿನ ಮಗ್ಗುಲಿಗೆ ಒತ್ತಿ ನಿಂತಳು.

ಗುರ್ ಅನ್ನುತ್ತಿದ್ದ ಬಸ್ಸು ನಿಂತುಹೋಯಿತು. ಡ್ರೈವರ್ ಕೀಲಿ ತಿರುಗಿಸಿದ, ಬಸ್ಸು ಕೆಮ್ಮಲೂ ಇಲ್ಲ. ಮರಿಸ್ವಾಮಿ ಇಳಿದು ಬಂದ.

"ಯಾರಪ್ಪ ಅದು ತೋಟದಿಂದ ಸೀದಾ ಬಂದೋರು? ಏನಾದ್ರೂ ಮುಟ್ಟಿ ಬರಬಾರ್ದಾ?" ಅನ್ನುತ್ತ ಬಂದವನು ಬಿಂದುವನ್ನು ನೋಡಿ ದನಿ ಇಳಿಸಿದ. "ಯಾವ ಆಟದ್ದು ಮಗ?"

"ದೊಡ್ಡ ಚಕ್ರದ್ದು."

ಬಸ್ಸಿನೊಳಗಿದ್ದವರೆಲ್ಲ ಒಟ್ಟಿಗೆ ಉಸ್ಸೆಂದರು. ಆ ಉಸಿರಿಗೆ ಬಸ್ಸಿನ ಕಿಟಕಿಗಳು ಮಬ್ಬಾದವು. ಒಬ್ಬ, "ನಮ್ ಬೀಗ್ರು ಕಾಯ್ತಿರ್ತಾರೆ," ಎಂದು ಗೊಣಗಿದ. ಇನ್ನೊಬ್ಬಳು, "ನಿಮ್ ಬೀಗ್ರಿಗೆ ಬ್ಯಾರೆ ಏನ್ ಕೆಲ್ಸ?" ಅಂದಳು. ಅಷ್ಟೇ. ನಮ್ಮೂರಿನವರು, ಅವರಿಗೆ ಗೊತ್ತಿಲ್ಲದ್ದೇ? ಒಬ್ಬೊಬ್ಬರಾಗಿ ಇಳಿದು ಟೀ ಅಂಗಡಿಯ ಕಡೆ ಹೋದರು, ಯಾರೋ ಬುತ್ತಿ ಬಿಚ್ಚಿದರು, ಯಾರೋ ಚೌಕಾಬಾರದ ಮನೆ ಬರೆದರು.

ಚಂದ್ರಕಲಾ ಚೀಲ ಕೆಳಗಿಟ್ಟು ಮಗಳ ಮುಂದೆ ಕೂತಳು.

"ಅದಕ್ಕೇನೇ ನನ್ ಕೈ ಹಿಡೀಲಿಲ್ಲ ನೀನು?"

"ನಿನ್ನ ಮುಟ್ಟಿದ್ರೆ ನೀನೇ ನಿಂತ್ಬುಡ್ತಿದ್ದೆ. ಆಗ ಮಾತಾಡಕ್ಕೆ ಆಗ್ತಿರ್ಲಿಲ್ವಲ್ಲ."

ಮಗಳು ಈಗ ಎರಡು ಕೈಯನ್ನೂ ಚಾಚಿದಳು. ತಾಯಿ ಹಿಡಿದುಕೊಂಡಳು. ಅವಳಪ್ಪನ ಬುದ್ಧಿಯಲ್ಲ ಅದು, ತಾಯಿಯದೇ ಬುದ್ಧಿ, ಅಚ್ಚು ತೆಗೆದ ಹಾಗೆ.

ಬಸ್ಸಿನ ಮೆಟ್ಟಿಲ ಮೇಲೆ ಕೂತು ಅವಳು ಬಿಂದುವಿನ ಜಡೆ ಬಿಚ್ಚಿ ಹೊಸದಾಗಿ ಹೆಣೆದಳು. ತೇಜು ಎದ್ದು, ಮರಿಗಳಿಗೆ ಹಸಿವಾಗಿದೆ ಅಂದ. ಮರಿಗಳಿಗೂ ಉಣ್ಣಿಸಿದಳು. ಬೆಳಗಿನಿಂದ ಆಟದ ಮೇಲೆ ಆಟ ಓಡಿದವರು ಆಗ ಏನೂ ಆಡದೆ ಕೂತರು, ಬಿಂದು ಆ ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾವುದಕ್ಕೆ ನಕ್ಕಳೋ ನನಗೆ ಕೇಳಿಸಲಿಲ್ಲ. ನಾನು ಸ್ವಲ್ಪ ದೂರದಲ್ಲಿ ಕಟ್ಟೆಯ ಮೇಲೆ ಕೂತಿದ್ದೆ. ಎಲೆ ಅಡಿಕೆ ಬೇಕೆನಿಸಿತು, ಲೋಕೇಶನಿಗೆ ಹೇಳಿದೆ.

"ನೀನೇ ಮಡ್ಸಿ ಬಾಯಿಗಿಡಪ್ಪ."

"ಕೈಗೇನಾಯ್ತವ್ವ?"

"ಇನ್ನೂ ಮರಗಟ್ಟಿದೆ ಅಂದ್ನಲ್ಲ."

ಅವನು ನನ್ನ ಮುಖ ನೋಡಿದ, ಭರಣಿ ನೋಡಿದ, ಎಲೆ ಮಡಿಸಿ ಬಾಯಿಗಿಟ್ಟ. ಪಾಪ, ಸುತ್ತುವುದು ಬಿಟ್ಟು ಬೇರೆಲ್ಲ ಅವನಿಗೆ ನಿಧಾನವಾಗಿ ಅರ್ಥವಾಗುತ್ತದೆ.

ಬಿಸಿಲು ಹೋಯಿತು, ಟೀ ಅಂಗಡಿಯ ದೀಪ ಹತ್ತಿತು. ಯಾರೂ ಮುಟ್ಟದೆಯೇ ಬಸ್ಸು ಒಮ್ಮೆ ನಡುಗಿ ಗುರ್ ಅಂದಿತು. ಚೌಕಾಬಾರದವರು ಕವಡೆ ಎತ್ತಿಕೊಂಡರು. ಚಂದ್ರಕಲಾ ಮಕ್ಕಳಿಬ್ಬರನ್ನೂ ಲೋಕೇಶನ ಕೈಗೆ ಕೊಟ್ಟು, ತಿರುಗಿ ನೋಡದೆ ಹತ್ತಿ ಕಿಟಕಿಯ ಪಕ್ಕ ಕೂತಳು. ಕೂತ ಮೇಲೆ ನೋಡಿದಳು. ಬಿಂದು ತುಟಿ ಕಚ್ಚಿಕೊಂಡು ನಿಂತಿದ್ದಳು, ಅವಳ ಕೈ ಬರಿದಾಗಿತ್ತು, ಇನ್ನು ಅವಳ ಹತ್ತಿರ ಉಪಾಯವಿರಲಿಲ್ಲ.

ಮರಿಸ್ವಾಮಿ ಬಾಗಿಲು ಹಾ‌ಕಿದ. ನಾನು ಎದ್ದು ಬಸ್ಸಿನ ಮುಂದಕ್ಕೆ ನಡೆದೆ. ಸೆರಗಿನೊಳಗಿಂದ ಕೈ ತೆಗೆದೆ. ಬಸ್ಸಿನ ಮೂತಿ ಬೆಚ್ಚಗಿತ್ತು, ದುಡಿದು ಬಂದ ಎತ್ತಿನ ಹಾಗೆ. ಅದರ ಮೇಲೆ ಅಂಗೈ ಇಟ್ಟೆ.

ಬಸ್ಸು ನಿಂತುಹೋಯಿತು.

ಮರಿಸ್ವಾಮಿ ಬಾಗಿಲು ತೆಗೆದು ಇಣುಕಿದ. "ಅಜ್ಜಿ, ನಿಮ್ದೂ ಚಕ್ರದ್ದೇನಾ?"

"ಹೂಂ ಕಣಪ್ಪ. ಹುಟ್ಟಿದಾಗಿಂದ ಮೊದಲ್ನೇ ಸಲ ಹತ್ತಿದ್ದು. ಇಷ್ಟು ವರ್ಷ ಊರೋರ ಪಾಲಿಂದು ನಾನ್ ಕಾದಿದೀನಿ. ನನ್ ಪಾಲಿಂದು ನಿನ್ ಬಸ್ಸು ಕಾಯ್ಲಿ ಬುಡು."

ಅವನು ತಲೆ ಕೆರೆದುಕೊಂಡು ಒಳಗೆ ತಿರುಗಿ, "ಇಳೀರಪ್ಪ, ಊಟ ಮಾಡ್ಕೊಂಡೇ ಹೋಗಾಣ," ಅಂದ. ಬೀಗರು ಕಾಯುತ್ತಾರೆಂದು ಗೊಣಗಿದ್ದವನೇ ಎಲ್ಲರಿಗಿಂತ ಮೊದಲು ಇಳಿದು ಕವಡೆ ಕೇಳಿದ. ಬಿಂದು ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡಳು.

ಚಂದ್ರಕಲಾ ನಿಧಾನವಾಗಿ ಮೆಟ್ಟಿಲಿಳಿದು ನನ್ನ ಮುಂದೆ ಬಂದು ನಿಂತಳು. ಬಗ್ಗಿದಳು. ಈಗ ನನ್ನ ಕೈಯಲ್ಲಿ ಏನೂ ಅಂಟಿರಲಿಲ್ಲ. ಅದನ್ನು ಅವಳ ನೆತ್ತಿಯ ಮೇಲಿಟ್ಟೆ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.

"ಮೆಂತ್ಯದ ಡಬ್ಬ ಮೊದ್ಲಿದ್ದ ಜಾಗಕ್ಕೇ ಇಟ್ಟಿದೀನಿ ಅತ್ತೆ," ಅಂದಳು ಬಗ್ಗಿಕೊಂಡೇ.

"ಆ ಜಾಗ ಯಾವುದೂಂತ ನಂಗೇ ಮರ್ತೋಗದೆ ಕಣೆ," ಅಂದೆ. "ಓದು ಮುಗಿಸ್ಕೊಂಡು ಬಂದು ನೀನೇ ತೋರ್ಸು."